ಹಳೇ ರೇಡಿಯೋ, ಟಿ.ವಿ., ಟೇಪು ನೋಡಲು ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದ ನಮ್ಮ ಸಣ್ಣ ಎಲೆಕ್ಟ್ರಾನಿಕ್ಸ್ ಸಂಗ್ರಹಾಲಯದ ಬಾಗಿಲಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಮೊದಲು ಬರುವ ಹೋಗುವ ವಿಷಯ, ಆಮೇಲೆ ಸಾಮಾನಿನ ವಿಷಯ, ಕೊನೆಗೆ ಸೋಲ್ಡರಿಂಗ್ ಐರನ್ ಹಿಡಿಯುವವರ ವಿಷಯ. ಒಂದೇ ಉತ್ತರ ಓದುವಷ್ಟು ಪುರುಸೊತ್ತಿದ್ದರೆ ಅಟ್ಟದ ಮೇಲಿನ ರೇಡಿಯೋದ ಉತ್ತರ ಓದಿ.

## ಬರುವ ಮುಂಚೆ

ಯಾವಾಗ ತೆಗೆದಿರತದ್ರಿ? ಟಿಕೀಟು ಎಷ್ಟು?

ಭಾನುವಾರ ಬೆಳಗ್ಗೆ 10ರಿಂದ ಮಧ್ಯಾಹ್ನ 1ರ ತನಕ. ಬೇರೆ ದಿನ ಬರಬೇಕೆಂದರೆ ಎರಡು ದಿನ ಮೊದಲು ಫೋನ್ ಮಾಡಿ, ಯಾರಾದರೊಬ್ಬರು ಬಂದು ಕೀಲಿ ತೆಗೆಯುತ್ತಾರೆ. ಇಲ್ಲಿ ಪಗಾರದವರು ಯಾರೂ ಇಲ್ಲ. ಬ್ಯಾಂಕು, ಶಾಲೆ, ಅಂಗಡಿ ಮುಗಿಸಿಕೊಂಡು ಬರುವವರೇ ಎಲ್ಲ. ಟಿಕೀಟಿಲ್ಲ. ಬಾಗಿಲ ಪಕ್ಕ ಒಂದು ಡಬ್ಬಿ ಇದೆ, ಹಾಕಿದ ರೊಕ್ಕ ಕೆಪಾಸಿಟರಿಗೆ (ವಿದ್ಯುತ್ತನ್ನು ತುಸು ಹೊತ್ತು ಹಿಡಿದಿಡುವ ಬಿಡಿಭಾಗ), ಬೆಲ್ಟಿಗೆ, ಕರೆಂಟ್ ಬಿಲ್ಲಿಗೆ ಹೋಗುತ್ತದೆ. ಮಾರ್ಚಿನಿಂದ ಮೇ ತನಕ 12ಕ್ಕೇ ಮುಚ್ಚುತ್ತೇವೆ. ವಾಲ್ವ್ ಅಂದರೆ ಟ್ರಾನ್ಸಿಸ್ಟರಿಗೂ ಮುಂಚಿನ ಗಾಜಿನ ಕೊಳವೆ. ಒಂದು ವಾಲ್ವ್ ರೇಡಿಯೋ 40ರಿಂದ 60 ವ್ಯಾಟ್ ಎಳೆಯುತ್ತದೆ, ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಕಾವಾಗಿ ಹೊರಬರುತ್ತದೆ. ನಮ್ಮೂರಿನ ಬಿಸಿಲಿಗೆ ಅದನ್ನೂ ಕೂಡಿಸಿದರೆ ಒಳಗೆ ಮನುಷ್ಯರೂ ಕೂಡಲಾರರು, ಮೇಣ ತುಂಬಿದ ಹಳೇ ಕೆಪಾಸಿಟರುಗಳೂ ತಾಳಲಾರವು.

ಮ್ಯೂಸಿಯಂಗೆ ಬಿಡಪಾ ಅಂದ್ರ ಆಟೋದವ ಗುಮ್ಮಟದ ಮುಂದ ಇಳಿಸಿ ಹೋದ. ನೀವ್ ಎಲ್ಲಿದ್ದೀರಿ?

ಆಟೋದವರ ತಪ್ಪಲ್ಲ. ಈ ಊರಲ್ಲಿ ಮ್ಯೂಸಿಯಂ ಅಂದರೆ ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ಪುರಾತತ್ವ ಇಲಾಖೆಯದೇ. ನಮ್ಮದನ್ನು ಹೇಳುವಾಗ "ಹಳೇ ರೇಡಿಯೋ ಮನಿ" ಅನ್ನಿ, ಫೋನ್ ಮಾಡಿದಾಗ ನಾವು ಹೇಳುವ ಓಣಿಯ ಹೆಸರನ್ನೂ ಸೇರಿಸಿ. ಹೊರಊರಿನಿಂದ ಬರುವವರು ಗುಮ್ಮಟ ಮೊದಲು, ನಾವು ಆಮೇಲೆ ಎಂದು ಇಟ್ಟುಕೊಳ್ಳುವುದು ಒಳ್ಳೆಯದು. ಮೇಲಿನ ಪಿಸುಮಾತಿನ ಮೊಗಸಾಲೆಯ ಮಜಾ ಮುಂಜಾನೆಯೇ. ಒಂಬತ್ತು ಗಂಟೆಯ ಮೇಲೆ ಶಾಲೆಯ ಹುಡುಗರ ಕೂಗಾಟದಲ್ಲಿ ಪಿಸುಮಾತು ಹೋಗಲಿ, ಪಕ್ಕದವರ ಮಾತೂ ಕೇಳಿಸುವುದಿಲ್ಲ.

ಎಷ್ಟೊತ್ತು ಬೇಕಾಗ್ತದ?

ಸುಮ್ಮನೆ ನೋಡಿ ಹೋಗಲು ಮುಕ್ಕಾಲು ತಾಸು. ಸೆಟ್ಟು ಹಚ್ಚಿಸಿ ಕೇಳಬೇಕೆಂದರೆ ಒಂದೂವರೆ ತಾಸು. ಮನೆಯ ರೇಡಿಯೋ ತಂದು ತೋರಿಸುವುದಿದ್ದರೆ 10ಕ್ಕೇ ಬನ್ನಿ, ಹನ್ನೆರಡೂವರೆಗೆ ಬಂದರೆ ಹಿಂಬದಿಯ ರಟ್ಟು ಬಿಚ್ಚುವುದರೊಳಗೆ ಬಾಗಿಲು ಹಾಕುವ ಹೊತ್ತಾಗಿರುತ್ತದೆ.

ಸಣ್ಣ ಮಕ್ಕಳನ್ನ ಕರಕೊಂಡು ಬರಬಹುದೇನ್ರಿ? ಮುಟ್ಟಾಕ ಬಿಡ್ತೀರಾ?

ಖಂಡಿತ ಬನ್ನಿ. ಹಸಿರು ಚೀಟಿ ಇರುವ ಮೇಜಿನ ಮೇಲಿನದೆಲ್ಲ ಮುಟ್ಟುವುದಕ್ಕೇ ಇಟ್ಟದ್ದು: ಟೈಪ್‌ರೈಟರ್, ಬ್ಯಾಂಡ್ ಸ್ವಿಚ್ಚುಗಳು, ಖಾಲಿ ಕ್ಯಾಸೆಟ್ಟುಗಳು, ಎರಡು ಗುಂಡು ಡಯಲಿನ ಫೋನು. ಮಕ್ಕಳು ಹೆಚ್ಚು ಹೊತ್ತು ನಿಲ್ಲುವುದು ಫೋನಿನ ಹತ್ತಿರ. ಎರಡನ್ನೂ ಒಂದು ಸಣ್ಣ ಎಕ್ಸ್‌ಚೇಂಜಿಗೆ ಜೋಡಿಸಿದ್ದೇವೆ, ಇಲ್ಲಿಂದ ತಿರುವಿದರೆ ಅಲ್ಲಿ ಗಂಟೆ ಬಾರಿಸುತ್ತದೆ. ಬೆರಳು ಹಾಕಿ ಕೊನೆತನಕ ಎಳೆದು ಬಿಟ್ಟುಬಿಡಬೇಕು. ಡಯಲು ತಾನಾಗಿ ಹಿಂದೆ ಬರುವಾಗಲೇ ನಂಬರು ಹೋಗುವುದು. 3 ಎಂದರೆ ತಂತಿಯ ಕರೆಂಟಿನಲ್ಲಿ ಮೂರು ಕಡಿತ, 0 ಎಂದರೆ ಹತ್ತು ಕಡಿತ, ಸೆಕೆಂಡಿಗೆ ಹತ್ತರಂತೆ. ಮಕ್ಕಳು ಹಿಂದೆ ಬರುವ ಡಯಲನ್ನೂ ಕೈಯಿಂದ ತಳ್ಳುತ್ತಾರೆ, ಆಗ ಲೆಕ್ಕ ತಪ್ಪಿ ರಾಂಗ್ ನಂಬರು ಆಗುತ್ತದೆ. ಕೆಂಪು ಚೀಟಿಯ ಮೇಜು ಮಾತ್ರ ಬೇಡ. ಅಲ್ಲಿ ಹಿಂಬದಿ ಬಿಚ್ಚಿಟ್ಟ ಸೆಟ್ಟುಗಳಲ್ಲಿ 250 ವೋಲ್ಟ್ ಡಿ.ಸಿ. ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ.

ಶಾಲೆಯಿಂದ 60 ಮಕ್ಕಳನ್ನು ಕರೆತರಬಹುದೇ?

ಒಮ್ಮೆಗೆ 15. ಉಳಿದವರು ಅಂಗಳದಲ್ಲಿ ತವರದ ಡಬ್ಬಿ–ದಾರದ ಟೆಲಿಫೋನ್ ಮಾಡುತ್ತಿರಲಿ. ಡಬ್ಬಿ, ದಾರ ನಾವೇ ಕೊಡುತ್ತೇವೆ.

ವಿಡಿಯೋ ಮಾಡಿದ್ರ ಟಿ.ವಿ. ಪರದೆ ಮ್ಯಾಲೆ ಕರೀ ಪಟ್ಟಿ ಓಡ್ತಾವ. ನಿಮ್ಮ ಟಿ.ವಿ. ಕೆಟ್ಟೈತೇನು?

ಟಿ.ವಿ. ನೆಟ್ಟಗೇ ಇದೆ. ಹಳೇ ಕೊಳವೆ ಪರದೆ ಸೆಕೆಂಡಿಗೆ 50 ಸಲ ಮೇಲಿಂದ ಕೆಳಗೆ ಗೆರೆ ಎಳೆಯುತ್ತದೆ, ನಿಮ್ಮ ಫೋನಿನ ಲೆಕ್ಕ ಬೇರೆ. ಕ್ಯಾಮೆರಾದ ಪ್ರೋ ಮೋಡಿಗೆ ಹೋಗಿ ಶಟರ್ 1/50 ಇಡಿ, ಪಟ್ಟಿ ನಿಲ್ಲುತ್ತದೆ. ಫ್ಲ್ಯಾಶ್ ಬೇಡ, ಗಾಜಿನ ಮೇಲೆ ನಿಮ್ಮದೇ ಬಿಂಬ ಬರುತ್ತದೆ.

## ಒಳಗೆ ಬಂದ ಮೇಲೆ

ಅಷ್ಟೂ ಸೆಟ್ಟು ಹಚ್ಚಿ ತೋರಸ್ರಲಾ! ಬರೇ ಐದಾರು ಯಾಕ ಹಚ್ತೀರಿ?

ಹಚ್ಚಿದಷ್ಟೂ ಸವೆಯುತ್ತವೆ. ವಾಲ್ವಿನಲ್ಲಿ ಎಲೆಕ್ಟ್ರಾನು ಹೊರಡಿಸುವ ಕ್ಯಾಥೋಡಿನ ಮೇಲಿನ ಲೇಪ ಉರಿದಷ್ಟೂ ಕಡಿಮೆಯಾಗುತ್ತದೆ. ಸ್ಟೇಷನ್ ಸರಿಯಾಗಿ ಕೂತಿತೇ ಎಂದು ತೋರಿಸುವ ಹಸಿರು ಬೆಳಕಿನ ವಾಲ್ವು, ಮ್ಯಾಜಿಕ್ ಐ, ಅಂತೂ ಬಲು ಬೇಗ ಮಂಕಾಗುತ್ತದೆ. ಅದರ ಇಎಂ 80, ಇಎಂ 34 ಮಾದರಿಗಳು ಈಗ ಹುಡುಕಿದರೂ ಸಿಗುವುದು ಕಷ್ಟ. ಅದಕ್ಕೇ ಸಾಮಾನನ್ನು ಮೂರು ಪಾಲು ಮಾಡಿದ್ದೇವೆ. ಬಿಡಿಭಾಗ ಸಿಗುವ, ಒಳಗೆ ರಿಪೇರಿಯಾದ ಸೆಟ್ಟುಗಳನ್ನು ವಾರವೂ ಹಚ್ಚುತ್ತೇವೆ. ಅಪರೂಪದವನ್ನು ತಿಂಗಳಿಗೊಮ್ಮೆ ಅರ್ಧ ತಾಸು. ಮೂಲ ಕೆಪಾಸಿಟರುಗಳೇ ಇರುವ, ಯಾರೂ ಕೈ ಹಚ್ಚದ ಸೆಟ್ಟುಗಳನ್ನು ಹಚ್ಚುವುದೇ ಇಲ್ಲ. ಅವು ಒಳಗಿನ ಜೋಡಣೆ ಓದುವುದಕ್ಕೆ ಇರುವ ಪುಸ್ತಕಗಳು. ಹಾಡದ ರೇಡಿಯೋ ಸತ್ತ ರೇಡಿಯೋ ಅಂತ ಕೆಲವರು ವಾದ ಮಾಡುತ್ತಾರೆ. ಸುಟ್ಟ ಟ್ರಾನ್ಸ್‌ಫಾರ್ಮರಿನ ವಾಸನೆ ಒಮ್ಮೆ ಮೂಗಿಗೆ ಹೋದ ಮೇಲೆ ಆ ವಾದ ನಿಲ್ಲುತ್ತದೆ.

ಸ್ವಿಚ್ ಹಾಕಿದ ಮ್ಯಾಲೆ ಅರ್ಧ ನಿಮಿಷ ಸುಮ್ಮನ ಇರ್ತದಲ್ಲ, ಯಾಕ್ರಿ?

ಒಲೆ ಕಾಯಬೇಕಲ್ಲ. ವಾಲ್ವಿನೊಳಗೆ ಸಣ್ಣ ಹೀಟರ್ ಇದೆ, ಅದು ಕ್ಯಾಥೋಡನ್ನು ಕೆಂಪಗೆ ಕಾಯಿಸಿದ ಮೇಲೇ ಎಲೆಕ್ಟ್ರಾನುಗಳು ಹೊರಡುತ್ತವೆ. 20–30 ಸೆಕೆಂಡು ಹಿಡಿಯುತ್ತದೆ. ಮೊದಲು ಡಯಲ್ ದೀಪ, ಆಮೇಲೆ ಸಣ್ಣ ಗುಂಯ್ ಸದ್ದು, ಆಮೇಲೆ ದನಿ ದೂರದಿಂದ ನಡೆದು ಬಂದಂತೆ ದೊಡ್ಡದಾಗುತ್ತದೆ. ಗುಂಯ್ ಜೋರಾಗಿ ನಿಂತೇ ಬಿಟ್ಟರೆ ಕರೆಂಟಿನ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಹೋಗಿದೆ ಎಂದು ಅರ್ಥ.

ಕರೆಂಟೇ ಇಲ್ಲದ ಹಳ್ಳ್ಯಾಗ ವಾಲ್ವಿನ ರೇಡಿಯೋ ಹ್ಯಾಂಗ ಹಾಡ್ತಿತ್ತು?

ಇಟ್ಟಿಗೆಯಂಥ ಡ್ರೈ ಬ್ಯಾಟರಿ ಮೇಲೆ. ಅದರಲ್ಲಿ ಎರಡು ವೋಲ್ಟೇಜ್: ವಾಲ್ವಿನ ಎಳೆ ಕಾಯಿಸಲು ಒಂದೂವರೆ ವೋಲ್ಟ್, ಎಲೆಕ್ಟ್ರಾನುಗಳನ್ನು ಎಳೆದುಕೊಳ್ಳುವ ಆನೋಡಿಗೆ 90 ವೋಲ್ಟ್. ಡಿಕೆ 96, ಡಿಎಫ್ 96, ಡಿಎಎಫ್ 96, ಡಿಎಲ್ 96 ಎಂಬ ವಾಲ್ವುಗಳು ಇದಕ್ಕೆಂದೇ ಮಾಡಿದವು. ಹೆಸರಿನ ಮೊದಲ ಅಕ್ಷರ "ಡಿ" ಇದ್ದರೆ ಬ್ಯಾಟರಿಯದು, "ಇ" ಇದ್ದರೆ 6.3 ವೋಲ್ಟ್ ಹೀಟರಿನದು, "ಯು" ಇದ್ದರೆ ಹೀಟರುಗಳನ್ನು ಸಾಲಾಗಿ ಪೋಣಿಸಿ 100 ಮಿಲಿಆಂಪ್ ಹರಿಸುವಂಥದು. ಇಷ್ಟು ತಿಳಿದಿದ್ದರೆ ಮುಚ್ಚಳ ತೆಗೆದ ಕೂಡಲೇ ಸೆಟ್ಟಿನ ಜಾತಿ ಗೊತ್ತಾಗುತ್ತದೆ. ನಾವು ತೋರಿಸುವಾಗ 9 ವೋಲ್ಟಿನ ಹತ್ತು ಬ್ಯಾಟರಿ ಸಾಲಾಗಿ ಜೋಡಿಸಿ 90 ಮಾಡುತ್ತೇವೆ. ಆ 90 ಅಪ್ಪಿತಪ್ಪಿ ಒಂದೂವರೆ ವೋಲ್ಟಿನ ತಂತಿಗೆ ತಾಗಿದರೆ ನಾಲ್ಕೂ ವಾಲ್ವು ಒಂದೇ ಮಿಂಚಿಗೆ ಹೋಗುತ್ತವೆ. ಹಾಗಾಗಿ ಎರಡು ಪ್ಲಗ್ಗೂ ಬೇರೆ ಬೇರೆ ಆಕಾರದವು.

ಧಾರವಾಡ ಸ್ಟೇಷನ್ ಇನ್ನೂ ಬರತದೇನ್ರಿ ಇದರಾಗ?

ಪ್ರಸಾರವಿರುವ ಹೊತ್ತಿನಲ್ಲಿ 765 ಕಿಲೋಹರ್ಟ್ಸಿಗೆ ಇಟ್ಟು ನೋಡಿ. ಹಳೇ ಡಯಲಿನಲ್ಲಿ ಕಿಲೋಹರ್ಟ್ಸ್ ಬದಲು ಮೀಟರ್ ಬರೆದಿರುತ್ತಾರೆ. 3,00,000ವನ್ನು ಕಿಲೋಹರ್ಟ್ಸಿನಿಂದ ಭಾಗಿಸಿದರೆ ಮೀಟರ್ ಸಿಗುತ್ತದೆ. ಧಾರವಾಡ 392, ಬೆಂಗಳೂರಿನ 612 ಅಂದರೆ 490, ಕಲಬುರಗಿಯ 1107 ಅಂದರೆ 271. ಹಗಲಲ್ಲಿ ಹತ್ತಿರದವು ಮಾತ್ರ ಬರುತ್ತವೆ. ಕತ್ತಲಾದ ಮೇಲೆ ಮೇಲಿನ ವಾಯುಮಂಡಲದಲ್ಲಿ ಮೀಡಿಯಂ ವೇವನ್ನು ನುಂಗುವ ಪದರ ಕರಗಿ, ದೂರದವೆಲ್ಲ ಒಂದರ ಮೇಲೊಂದು ಬರುತ್ತವೆ.

ಮನೆಯ ಟ್ರಾನ್ಸಿಸ್ಟರಿನಲ್ಲಿ ಬರೀ ಗರಗರ ಕೇಳಿದರೆ ರೇಡಿಯೋ ಕೆಟ್ಟಿದೆ ಎನ್ನುವ ಮೊದಲು ಮನೆಯ ಮೇನ್ ಸ್ವಿಚ್ ಒಂದು ನಿಮಿಷ ಆರಿಸಿ, ಸೆಲ್ಲಿನ ಮೇಲೆ ಹಚ್ಚಿ ನೋಡಿ. ಗರಗರ ನಿಂತರೆ ತಪ್ಪು ಎಲ್.ಇ.ಡಿ. ಬಲ್ಬಿನದೋ ಮೊಬೈಲ್ ಚಾರ್ಜರಿನದೋ. ಇನ್ನೊಂದು: ಟ್ರಾನ್ಸಿಸ್ಟರಿನ ಒಳಗೆ ಆಂಟೆನಾ ಆಗಿರುವ ಫೆರೈಟ್ ಕಡ್ಡಿ ಸ್ಟೇಷನ್ನಿಗೆ ಅಡ್ಡಲಾಗಿ ಮಲಗಿರಬೇಕು. ಧಾರವಾಡ ನಮಗೆ ದಕ್ಷಿಣಕ್ಕೆ, ತುಸು ಪಡುವಣಕ್ಕೆ. ಆದ್ದರಿಂದ ಕಡ್ಡಿ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿ ಬರುವಂತೆ ಸೆಟ್ಟು ತಿರುಗಿಸಿ. ಕಡ್ಡಿಯ ತುದಿ ಸ್ಟೇಷನ್ನಿನ ಕಡೆ ಇದ್ದರೆ ದನಿ ಬಿದ್ದೇ ಹೋಗುತ್ತದೆ.

ವಿಜಯಪುರ ಆಕಾಶವಾಣಿ 101.8 ಮೆಗಾಹರ್ಟ್ಸ್ ಎಫ್.ಎಂ. ಇಲ್ಲಿನ ಬಹುತೇಕ ಸೆಟ್ಟುಗಳಲ್ಲಿ ಎಫ್.ಎಂ. ಇಲ್ಲ. ಯುರೋಪಿನಿಂದ ಬಂದ ಒಂದೆರಡರಲ್ಲಿ ಇದೆ, ಆದರೆ ಡಯಲು 100ಕ್ಕೇ ಮುಗಿಯುತ್ತದೆ! ಪಕ್ಕದ ಓಣಿಯ ಸ್ಟೇಷನ್ನೇ ಸಿಗದ ರೇಡಿಯೋ ನೋಡಿ ಎಲ್ಲರೂ ನಗುತ್ತಾರೆ.

ಹಳೇ ಟಿ.ವಿ.ಯಲ್ಲಿ ಈಗ ಏನು ಬರುತ್ತದೆ?

ಗಾಳಿಯಿಂದ ಏನೂ ಇಲ್ಲ. ನಮ್ಮ ಭಾಗದಲ್ಲಿ ದೂರದರ್ಶನದ ಹಳೇ ಅನಲಾಗ್ ಪ್ರಸಾರ ನಿಂತಿದೆ, ಮಾಳಿಗೆಯ ಆಂಟೆನಾಕ್ಕೆ ಈಗ ಕಾಗೆ ಮಾತ್ರ. ನಾವು ಒಂದು ಆರ್.ಎಫ್. ಮಾಡ್ಯುಲೇಟರ್ ಇಟ್ಟು, ಪ್ಲೇಯರಿನ ಚಿತ್ರವನ್ನು ವಿ.ಎಚ್.ಎಫ್. ಚಾನೆಲ್ 4ಕ್ಕೆ ಏರಿಸಿ ಆಂಟೆನಾ ತೂತಿಗೆ ಕೊಡುತ್ತೇವೆ. ಮನೆಯಲ್ಲಿ ಮಾಡುವವರು ಪಾಲ್ ಬಿ ಮಾದರಿಯದನ್ನೇ ಕೇಳಿ ತನ್ನಿ. ಬೇರೆ ದೇಶದ ಮಾದರಿ ತಂದರೆ ಚಿತ್ರ ಬಂದು ದನಿ ಬರುವುದಿಲ್ಲ.

ನಮ್ಮ ಹಳ್ಳಿ ಸಾಲ್ಯಾಗ ದೊಡ್ಡ ಜಾಳಗಿ ಛತ್ರಿ ಇಟ್ಟು ಟಿ.ವಿ. ತೋರಸ್ತಿದ್ರು ಅಂತ ನಮ್ಮಪ್ಪ ಹೇಳ್ತಾನ. ಖರೇನಾ? ಆಗಿನ್ನಾ ಟಿ.ವಿ. ಎಲ್ಲಿತ್ತು?

ಖರೇ. ಅದರ ಹೆಸರು ಸೈಟ್, ಉಪಗ್ರಹದಿಂದ ಪಾಠ ಹೇಳುವ ಇಸ್ರೋ ಪ್ರಯೋಗ. ಅಮೆರಿಕದ ನಾಸಾ ತನ್ನ ಎಟಿಎಸ್–6 ಉಪಗ್ರಹವನ್ನು ಒಂದು ವರ್ಷ ಕೊಟ್ಟಿತ್ತು, 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ತನಕ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿ.ವಿ. ಇಟ್ಟರು. ಕರ್ನಾಟಕದಲ್ಲಿ ಆರಿಸಿದ್ದು ಆಗಿನ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳನ್ನು. ಬಾಗಲಕೋಟೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಆಗ ಅದೂ ವಿಜಾಪುರದ್ದೇ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರಿನಲ್ಲಿ. ಅಂದರೆ ರಾಜಧಾನಿಗಿಂತ ಆರು ವರ್ಷ ಮೊದಲು ನಮ್ಮ ಹಳ್ಳಿಗಳು ಟಿ.ವಿ. ನೋಡಿದ್ದವು, ಇದನ್ನು ಬೆಂಗಳೂರಿನ ನೆಂಟರಿಗೆ ಧಾರಾಳವಾಗಿ ಹೇಳಿ.

ಛತ್ರಿ ಮೂರು ಮೀಟರ್ ಅಗಲದ್ದು, ಕೋಳಿಗೂಡಿನ ತಂತಿ ಬಲೆಯದು. 860 ಮೆಗಾಹರ್ಟ್ಸಿನ ಅಲೆ ಅಷ್ಟು ದೊಡ್ಡ ಕಣ್ಣಿನ ಬಲೆಯಲ್ಲೂ ಸೋರಿಹೋಗದೆ ತಿರುಗಿ ಬರುತ್ತದೆ, ಗಾಳಿ ಮಾತ್ರ ಒಳಗಿಂದ ಹಾದುಹೋಗುತ್ತದೆ. ಕಪ್ಪು–ಬಿಳುಪು ಸೆಟ್ಟು ಮಾಡಿದ್ದು ಹೈದರಾಬಾದಿನ ಇಸಿಐಎಲ್. ಮುಂಜಾನೆ ಒಂದೂವರೆ ತಾಸು ಸಾಲೆಯ ಮಕ್ಕಳಿಗೆ, ಸಂಜೆ ಎರಡೂವರೆ ತಾಸು ದೊಡ್ಡವರಿಗೆ. ಒಂದು ಚಿತ್ರಕ್ಕೆ ಎರಡು ದನಿಯ ದಾರಿ ಇದ್ದವು, ಅದೇ ಚಿತ್ರ ಇಲ್ಲಿ ಕನ್ನಡದಲ್ಲಿ, ಆಂಧ್ರದ ಹಳ್ಳಿಗಳಲ್ಲಿ ತೆಲುಗಿನಲ್ಲಿ ಮಾತಾಡುತ್ತಿತ್ತು. ನಿಮ್ಮ ಊರಿನ ಹಳೇ ಸಾಲೆಯ ಮಾಳಿಗೆ ಮೇಲೆ, ಪಂಚಾಯ್ತಿ ಕೋಣೆಯಲ್ಲಿ ಆ ಬಲೆಯ ಚೂರು, ಕನ್ವರ್ಟರ್ ಡಬ್ಬಿ ಕಂಡರೆ ಗುಜರಿಗೆ ಹೋಗುವ ಮೊದಲು ನಮಗೊಂದು ಮಾತು ಹೇಳಿ. ಈ ಪ್ರಶ್ನೆಗೆ ನಾವು ಇಷ್ಟುದ್ದ ಬರೆದದ್ದೇ ಅದಕ್ಕೆ.

ಗ್ರಾಮಫೋನಿನ ಪಿನ್ನು ಹಾಡಿಗೊಂದು ಬದಲಿಸ್ತೀರಿ, ಅಷ್ಟ್ ಲಗೂ ಸವೀತದೇನು?

ಸವೆಯುತ್ತದೆ, ಸವೆಯಲಿ ಎಂದೇ ಮಾಡಿದ್ದು. ಅರಗಿನ ಪ್ಲೇಟಿನಲ್ಲಿ ಕಲ್ಲಿನ ಪುಡಿಯನ್ನೂ ಕಲಸಿರುತ್ತಾರೆ. ಮೊದಲ ಕೆಲವು ಸುತ್ತಿನಲ್ಲೇ ಉಕ್ಕಿನ ಪಿನ್ನು ಆ ಗೀರಿನ ಆಕಾರಕ್ಕೆ ಸವೆದು ಕೂಡುತ್ತದೆ. ಅದೇ ಪಿನ್ನನ್ನು ಎರಡನೇ ಬದಿಗೆ ಹಾಕಿದರೆ ಚಪ್ಪಟೆಯಾದ ಅಂಚು ಉಳಿಯಂತೆ ಕೊರೆಯುತ್ತದೆ. ಸೌಂಡ್‌ಬಾಕ್ಸಿನ ಭಾರ 100 ಗ್ರಾಂ ಮೀರಿರುತ್ತದೆ, ಆದ್ದರಿಂದ ನಿಮ್ಮ ಎಲ್.ಪಿ. ಪ್ಲೇಟನ್ನು ಇದರ ಮೇಲೆ ಹಾಕಿ ಎಂದು ದಯಮಾಡಿ ಕೇಳಬೇಡಿ. 10 ಇಂಚಿನ ಪ್ಲೇಟಿನ ಒಂದು ಬದಿ ಸುಮಾರು ಮೂರು ನಿಮಿಷ. ಗಂಗೂಬಾಯಿ ಹಾನಗಲ್ಲರು "ಗಾಂಧಾರಿ" ಹೆಸರಿನಲ್ಲಿ ಹಾಡಿದ ಕಾಲದವರು ತಾಸುಗಟ್ಟಲೆಯ ರಾಗವನ್ನು ಆ ಮೂರು ನಿಮಿಷಕ್ಕೆ ಇಳಿಸಬೇಕಿತ್ತು.

## ಸಾಮಾನು ತರುವವರಿಗೆ

ನಮ್ಮಜ್ಜನ ರೇಡಿಯೋ ಐತ್ರಿ, ತಗೋತೀರೇನು?

ಮೊದಲು ಮುಂದಿನ, ಹಿಂದಿನ, ಒಳಗಿನ ಫೋಟೋ ಕಳಿಸಿ. ಜಾಗ ಸಣ್ಣದು, ಅದೇ ಮಾದರಿ ಎರಡಿದ್ದರೆ ಮೂರನೆಯದು ಬೇಡ ಎನ್ನುತ್ತೇವೆ, ಬೇಜಾರಾಗಬೇಡಿ. ರೇಡಿಯೋಕ್ಕಿಂತ ನಮಗೆ ಆಸೆ ಹೆಚ್ಚು ಅದರ ಜೊತೆಗಿನ ಕಾಗದಗಳ ಮೇಲೆ: ಅಂಗಡಿ ರಸೀದಿ, ಸರ್ಕ್ಯೂಟ್ ಹಾಳೆ, ಅಂಚೆ ಕಚೇರಿಯ ಲೈಸೆನ್ಸ್ ಪುಸ್ತಕ. 1980ರ ದಶಕದ ನಡುವಿನ ತನಕ ರೇಡಿಯೋ ಇಡಲು ಲೈಸೆನ್ಸ್ ಬೇಕಿತ್ತು, ವರ್ಷ ವರ್ಷ ಅಂಚೆಯಲ್ಲಿ ದುಡ್ಡು ಕಟ್ಟಿ ಮುದ್ರೆ ಹಾಕಿಸಬೇಕಿತ್ತು. ಆ ಮುದ್ರೆಗಳಿಂದ ಸೆಟ್ಟು ಯಾವ ಊರಲ್ಲಿ ಎಷ್ಟು ವರ್ಷ ಹಾಡಿತು ಎಂದು ತಿಳಿಯುತ್ತದೆ. ಪಾಲಿಶ್ ಹಚ್ಚಿ ತರಬೇಡಿ. ಒದ್ದೆ ಬಟ್ಟೆಯಿಂದ ಡಯಲ್ ಗಾಜು ಒರೆಸಲೇಬೇಡಿ. ಅಕ್ಷರಗಳು ಗಾಜಿನ ಹಿಂಬದಿಯಲ್ಲಿರುತ್ತವೆ, ನೀರು ತಾಗಿದರೆ ಸ್ಟೇಷನ್ನಿನ ಹೆಸರುಗಳೆಲ್ಲ ಬಟ್ಟೆಗೆ ಬಂದುಬಿಡುತ್ತವೆ.

ಬಸ್ಸಿನ್ಯಾಗ ತರೂದು ಹ್ಯಾಂಗ?

ಸೆಲ್ಲು ಇದ್ದರೆ ತೆಗೆಯಿರಿ. ವಾಲ್ವು ಕೀಳಬೇಡಿ, ಹಿಂಬದಿ ರಟ್ಟಿನ ಒಳಗೆ ಹಳೇ ಬನಿಯನ್ ಮಡಚಿ ತುಂಬಿ. ರೇಡಿಯೋ ನಿಂತೇ ಬರಲಿ, ತೊಡೆಯ ಮೇಲಾದರೆ ಇನ್ನೂ ಒಳ್ಳೆಯದು. ಪ್ಲೇಟುಗಳು ಪುಸ್ತಕದ ಹಾಗೆ ನಿಂತಿರಬೇಕು, ಒಂದರ ಮೇಲೊಂದು ಮಲಗಿಸಿದರೆ ತಗ್ಗು–ದಿಬ್ಬದಲ್ಲಿ ತಳದವು ಒಡೆಯುತ್ತವೆ. ಟಿ.ವಿ. ಆದರೆ ಗಾದಿಯ ಮೇಲೆ ಪರದೆ ಕೆಳಗೆ ಮಾಡಿ ಮಲಗಿಸಿ. ಭಾರವೆಲ್ಲ ಗಾಜಿನ ಕಡೆಗೇ ಇರುತ್ತದೆ. ಹಿಂದೆ ಚಾಚಿದ ಕೊಳವೆಯ ಕತ್ತಿಗೆ ಏನೂ ತಾಗಬಾರದು. ಅದು ಮುರಿದರೆ ಒಳಗಿನ ನಿರ್ವಾತಕ್ಕೆ ಗಾಳಿ ನುಗ್ಗಿ ಟಿ.ವಿ. ಮುಗಿಯಿತು.

ಶಟರ್ ಟಿ.ವಿ.ದಾಗ ಕೆಂಪು ಪಾದರಸ ಇರ್ತದಂತ, ಕೋಟಿಗಟ್ಲೆ ರೊಕ್ಕ ಕೊಡ್ತಾರಂತ. ತೆಗೆದು ಕೊಡ್ತೀರೇನು?

ಇಲ್ಲ. ಅಂಥ ಪದಾರ್ಥವೇ ಇಲ್ಲ. ಬೆಳ್ಳುಳ್ಳಿ ಹಿಡಿದರೆ ಓಡುತ್ತದೆ, ಕನ್ನಡಿಯಲ್ಲಿ ಕಾಣುವುದಿಲ್ಲ ಎಂದು ವಿಡಿಯೋದಲ್ಲಿ ತೋರಿಸುವುದೆಲ್ಲ ಮೋಸ. ಮನೆಬಳಕೆಯ ರೇಡಿಯೋ, ಟಿ.ವಿ.ಗಳಲ್ಲಿ ಕೆಂಪಗೆ ಕಾಣುವುದು ಬಣ್ಣ ಹಚ್ಚಿದ ಕೆಪಾಸಿಟರ್, ಕಾಯಿಲ್ ಕದಲದಂತೆ ಹಾಕಿದ ಅರಗು, ಇಲ್ಲವೇ ರಕ್ಷಣೆಗೆ ಬಳಿದ ವಾರ್ನಿಶ್. ನಿಜವಾದ ಪಾದರಸ ಇದ್ದದ್ದು ದೊಡ್ಡ ಟ್ರಾನ್ಸ್‌ಮಿಟರಿನಂಥವುಗಳಲ್ಲಿ ಎ.ಸಿ.ಯನ್ನು ಡಿ.ಸಿ. ಮಾಡುವ ರೆಕ್ಟಿಫೈಯರ್ ಕೊಳವೆಗಳಲ್ಲಿ, ಅದೂ ಬೆಳ್ಳಿ ಬಣ್ಣದ ಮಾಮೂಲಿ ಪಾದರಸ. ಉರಿಯುವಾಗ ನೀಲಿ ಬೆಳಕು. "ಮುಂಗಡ ಕೊಡಿ, ಗಿರಾಕಿ ತರ್ತೀನಿ" ಎಂದು ಯಾರಾದರೂ ಬಂದರೆ ಪೊಲೀಸರಿಗೆ ಹೇಳಿ. ಈ ಸುದ್ದಿ ನಂಬಿ ಕೊಳವೆ ಒಡೆದವರಿಗೆ ಸಿಕ್ಕಿದ್ದು ಸೀಸದ ಗಾಜು, ಫಾಸ್ಫರ್ ಪುಡಿ ಮಾತ್ರ.

ಹಂಗಾರ ಮರ್ಫಿ ರೇಡಿಯೋಕ್ಕ ಬೆಲೆ ಎಷ್ಟರ ಅದ ಹೇಳ್ರಿ.

ಬೆಲೆ ಕಟ್ಟುವುದಿಲ್ಲ, ಕೊಳ್ಳುವುದಿಲ್ಲ, ಮಾರುವುದಿಲ್ಲ. ಈ ಒಂದು ಕಟ್ಟುಪಾಡು ಬಿಟ್ಟರೆ ನಾಳೆಯಿಂದ ಇದು ಗುಜರಿ ಅಂಗಡಿ.

ಪೂರಾ ಕೆಟ್ಟ ಬಣ್ಣದ ಟಿ.ವಿ. ಎಲ್ಲಿ ಒಗೀಬೇಕು?

ನಮ್ಮ ಬಾಗಿಲಲ್ಲಂತೂ ಅಲ್ಲ. ನೋಂದಾಯಿತ ಇ–ತ್ಯಾಜ್ಯ ಸಂಗ್ರಹದವರಿಗೆ ಕೊಡಿ. ಕೊಳವೆಯ ಗಾಜಿನಲ್ಲಿ ಸೀಸ ಇರುತ್ತದೆ, ತಿಪ್ಪೆಗೆ ಹಾಕುವಂಥದ್ದಲ್ಲ.

## ಮನೆಯಲ್ಲೇ ಹಚ್ಚಿ ನೋಡುವವರಿಗೆ

ಮೂವತ್ತ್ ವರ್ಷ ಅಟ್ಟದ ಮ್ಯಾಲಿತ್ತು. ಒಮ್ಮೆ ಪ್ಲಗ್ಗಿಗೆ ಹಾಕಿ ನೋಡ್ಲೇನು?

ಬೇಡ. ಆ ಒಂದು ಸಲವೇ ಕೆಡಿಸುವುದು. ಒಳಗೆ ಏನಾಗಿರುತ್ತದೆ ನೋಡಿ. ಫಿಲ್ಟರ್ ಕೆಪಾಸಿಟರಿನ ಒಳಗೆ ಅಲ್ಯೂಮಿನಿಯಂ ಹಾಳೆಯ ಮೇಲಿನ ತೆಳು ಆಕ್ಸೈಡ್ ಪದರವೇ ವಿದ್ಯುತ್ತನ್ನು ತಡೆಯುವ ಗೋಡೆ. ಕರೆಂಟಿಲ್ಲದೆ ವರ್ಷಗಟ್ಟಲೆ ಬಿದ್ದರೆ ಆ ಗೋಡೆ ಕರಗುತ್ತದೆ, ದ್ರವವೂ ಒಣಗುತ್ತದೆ. ಥಟ್ಟನೆ 250 ವೋಲ್ಟ್ ಬಿದ್ದಾಗ ಅದು ತಂತಿಯ ಹಾಗೆ ಹರಿಸಿಬಿಡುತ್ತದೆ. ರೆಕ್ಟಿಫೈಯರ್ ವಾಲ್ವ್ ಹೋಗುತ್ತದೆ, ಬೆನ್ನಿಗೇ ಪವರ್ ಟ್ರಾನ್ಸ್‌ಫಾರ್ಮರ್. ಕೆಪಾಸಿಟರಿನ ಬೆಲೆ ಕೆಲವು ಹತ್ತು ರೂಪಾಯಿ. ಟ್ರಾನ್ಸ್‌ಫಾರ್ಮರ್ ಸುತ್ತಿಸುವುದು ಸಾವಿರಗಳ ಮಾತು, ಸುತ್ತುವವರು ಸಿಕ್ಕರೆ.

ಇದರ ಜೊತೆಗೆ ಇಲಿ ಕಡಿದ ತಂತಿ, ಪುಡಿಯಾಗಿ ಉದುರುವ ರಬ್ಬರ್ ಕವಚ, ತಪ್ಪು ಕಡೆ ತಿರುಗಿರುವ ವೋಲ್ಟೇಜ್ ಸೆಲೆಕ್ಟರ್. ಹಳೇ ಸೆಟ್ಟುಗಳ ಹಿಂದೆ 110, 127, 200, 220, 245 ಎಂದು ಬರೆದ ಪ್ಲಗ್ ಇರುತ್ತದೆ. ಅದು 110ರಲ್ಲಿದ್ದು ನೀವು 230 ಕೊಟ್ಟರೆ ಮುಗಿಯಿತು. ನೋಡುವ ಆಸೆ ತಡೆಯದಿದ್ದರೆ ಹಿಂಬದಿ ರಟ್ಟು ತೆಗೆದು, ಮೆತ್ತನೆ ಬ್ರಶ್ಶಿನಿಂದ ಧೂಳು ಕೊಡವಿ, ಫೋಟೋ ತೆಗೆದು, ಮುಚ್ಚಿ ನಮ್ಮ ಕಡೆ ತನ್ನಿ.

ಮೆಕ್ಯಾನಿಕ್ ಒಬ್ಬರು "ಸೀರೀಸ್ ಬಲ್ಬ್ ಹಾಕಿ ಹಚ್ಚು" ಅಂದರು. ಅದು ಸಾಕೇ?

ಸಾಕಲ್ಲ, ಆದರೆ ಒಳ್ಳೆಯ ಕಾವಲುಗಾರ. 60 ವ್ಯಾಟಿನ ಹಳೇ ತಂತಿ ಬಲ್ಬನ್ನು ಫೇಸ್ ತಂತಿಯ ನಡುವೆ ಸಾಲಾಗಿ ಜೋಡಿಸಬೇಕು, ಎಲ್.ಇ.ಡಿ. ಬಲ್ಬಿನಿಂದ ಆಗುವುದಿಲ್ಲ. ಹಚ್ಚಿದಾಗ ಬಲ್ಬು ಒಮ್ಮೆ ಬೆಳಗಿ ಮಂದವಾದರೆ ಮುಂದೆ ಹೋಗಬಹುದು. ಪೂರ್ತಿ ಬೆಳಕಿನಲ್ಲೇ ನಿಂತರೆ ಒಳಗೆ ಶಾರ್ಟ್ ಇದೆ, ಕೂಡಲೇ ಆರಿಸಿ. ಬಲ್ಬು ಟ್ರಾನ್ಸ್‌ಫಾರ್ಮರನ್ನು ಉಳಿಸುತ್ತದೆ, ನಿಮ್ಮ ಕೈಯನ್ನಲ್ಲ. ಸೆಟ್ಟಿನ ಒಳಗೆ ಶಾಕ್ ಅಷ್ಟೇ ಜೋರಾಗಿರುತ್ತದೆ.

ಗುಬ್ಬಿಯ (ನಾಬಿನ) ಸ್ಕ್ರೂ ಮುಟ್ಟಿದರ ಶಾಕ್ ಹೊಡೀತದ. ಅರ್ತ್ ಕೊಡ್ಲೇನು?

ಕೊಡಬೇಡಿ. ಅದು ಎ.ಸಿ./ಡಿ.ಸಿ. ಸೆಟ್ಟು ಇರಬೇಕು, ವಾಲ್ವಿನ ಹೆಸರು "ಯು"ದಿಂದ ಶುರುವಾಗುತ್ತಿದೆಯೇ ನೋಡಿ: ಯುಸಿಎಚ್ 81, ಯುಎಲ್ 84, ಯುವೈ 85. ಇವುಗಳಲ್ಲಿ ಪವರ್ ಟ್ರಾನ್ಸ್‌ಫಾರ್ಮರೇ ಇಲ್ಲ, ಮೇನ್ಸಿನ ಒಂದು ತಂತಿ ನೇರ ಚಾಸಿಗೆ, ಅಂದರೆ ಒಳಗಿನ ಲೋಹದ ತಟ್ಟೆಗೆ, ಬರುತ್ತದೆ. ಎರಡು ಕಾಲಿನ ಪ್ಲಗ್ ಒಂದು ಬಗೆಯಲ್ಲಿ ಹಾಕಿದರೆ ಚಾಸಿ ನ್ಯೂಟ್ರಲ್, ತಿರುವಿ ಹಾಕಿದರೆ 230 ವೋಲ್ಟ್. ಅಂಥ ಚಾಸಿಗೆ ಅರ್ತ್ ಕಟ್ಟಿದರೆ ಫ್ಯೂಸ್ ಹಾರುತ್ತದೆ. ಮೊಬೈಲಿನ ತಂತಿ ಜೋಡಿಸಿ ಹಾಡು ಕೇಳುವ ಆಸೆಯಿದ್ದರೆ ಈ ಸೆಟ್ಟಿನಲ್ಲಿ ಅಂತೂ ಬೇಡ, ಫೋನ್ ಹಿಡಿದವರ ಕೈಗೇ ಮೇನ್ಸ್ ಬರುತ್ತದೆ. ರಿಪೇರಿ ಮಾಡುವವರು ಸೆಟ್ಟನ್ನು ಮೇನ್ಸಿನಿಂದ ಬೇರ್ಪಡಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮುಟ್ಟಬಾರದು.

ಸೆಲ್ಲು ಸೋರಿ ಡಬ್ಬಿಯೆಲ್ಲ ಹಸರಗಟ್ಟೈತಿ. ವಿನೆಗರ್ ಹಚ್ಚು ಅಂತಾರ.

ಯಾವ ಸೆಲ್ಲು ಎಂದು ಮೊದಲು ನೋಡಿ. ಆಲ್ಕಲೈನ್ ಸೆಲ್ಲಿನ ಸೋರಿಕೆ ಕ್ಷಾರ, ಅದಕ್ಕೆ ವಿನೆಗರ್ ಸರಿ. ನಮ್ಮ ಕಡೆಯ ಹಳೇ ಟ್ರಾನ್ಸಿಸ್ಟರುಗಳಲ್ಲಿ ಇದ್ದದ್ದು ಹೆಚ್ಚಾಗಿ ಮಾಮೂಲಿ ಜಿಂಕ್–ಕಾರ್ಬನ್ ಸೆಲ್ಲು. ಅದರ ಸೋರಿಕೆ ಆಮ್ಲ. ಅದಕ್ಕೆ ಒಂದು ಚಮಚ ಅಡಿಗೆ ಸೋಡಾ ಸ್ವಲ್ಪ ನೀರಲ್ಲಿ ಕಲಸಿ ಹಳೇ ಹಲ್ಲಿನ ಬ್ರಶ್ಶಿನಿಂದ ಹಚ್ಚಿ, ನೊರೆ ನಿಂತ ಮೇಲೆ ಒರೆಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಇನ್ನೊಮ್ಮೆ ಒರೆಸಿ ಒಣಗಿಸಿ.

ವಾಲ್ಯೂಮ್ ತಿರುವಿದರ ಕರಕರ ಅಂತದ. ಕೊಬ್ರಿ ಎಣ್ಣಿ ಬಿಡ್ಲೇನು?

ಎಣ್ಣೆ ಬಿಟ್ಟ ದಿನ ಸುಮ್ಮನಾಗುತ್ತದೆ. ಆರು ತಿಂಗಳಿಗೆ ಧೂಳು ಕೂತು ಅರೆಯುವ ಕಲ್ಲಾಗುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರ್ ತಂದು, ಸೆಟ್ಟು ಆರಿಸಿ, ಕಂಟ್ರೋಲಿನ ಸೀಳಿನಲ್ಲಿ ಎರಡು ಸಲ ಚಿಮುಕಿಸಿ, ಇಪ್ಪತ್ತು ಮೂವತ್ತು ಸಲ ಅತ್ತಿತ್ತ ತಿರುವಿ. ಸ್ಟೇಷನ್ ಹುಡುಕುವಾಗ ತಿರುಗುವ ಟ್ಯೂನಿಂಗ್ ಗ್ಯಾಂಗಿನ ಲೋಹದ ಎಲೆಗಳಿಗೆ ಮಾತ್ರ ಬೀಳಬಾರದು.

ಅಪ್ಪನ ದನಿ ಇರೋ ಕ್ಯಾಸೆಟ್ ಒಂದೇ ಒಂದ್ ಐತ್ರಿ. ಹ್ಯಾಂಗ ಕಾಪಾಡ್ಲಿ?

ಮೊದಲ ಕೆಲಸ: ಕ್ಯಾಸೆಟ್ಟಿನ ಬೆನ್ನಿನ ಎರಡು ಸಣ್ಣ ಚೌಕ ಕಿವಿಗಳನ್ನು ಮುರಿಯಿರಿ. ಆಮೇಲೆ ರೆಕಾರ್ಡ್ ಬಟನ್ ಒತ್ತಿದರೂ ಅಳಿಸಿಹೋಗುವುದಿಲ್ಲ. ಬೆಳಕಿಗೆ ಹಿಡಿದು ಪಟ್ಟಿಯ ಅಂಚಿನಲ್ಲಿ ಬಿಳಿ ಬೂಷ್ಟು ಇದೆಯೇ ನೋಡಿ. ಇದ್ದರೆ ಹಚ್ಚದೆ ನಮ್ಮ ಕಡೆ ತನ್ನಿ. ಪಟ್ಟಿಯ ಹಿಂದಿನ ಸಣ್ಣ ಸ್ಪಂಜು ಬಿದ್ದಿದ್ದರೆ ದನಿ ಮಸುಕಾಗುತ್ತದೆ. ಸ್ಕ್ರೂ ಇರುವ ಇನ್ನೊಂದು ಕ್ಯಾಸೆಟ್ಟಿನ ಚಿಪ್ಪಿಗೆ ಎರಡೂ ಗಾಲಿ ವರ್ಗಾಯಿಸಿದರೆ ಸರಿಹೋಗುತ್ತದೆ. ಪರಿಚಯವಿಲ್ಲದ ಟೇಪ್‌ರೆಕಾರ್ಡರಿನಲ್ಲಿ ಮೊದಲು ಬೇರೆ ಬೇಡದ ಕ್ಯಾಸೆಟ್ಟು ಎರಡೂ ಬದಿ ಹಚ್ಚಿ ನೋಡಿ. ನುಂಗುವುದಿದ್ದರೆ ಅದನ್ನು ನುಂಗಲಿ. ಹೆಡ್ಡು, ರಬ್ಬರ್ ರೋಲರನ್ನು ಹತ್ತಿ ಕಡ್ಡಿಯಿಂದ ಒರೆಸಿ. ಒಮ್ಮೆ ಪೂರ್ತಿ ಮುಂದೆ, ಒಮ್ಮೆ ಪೂರ್ತಿ ಹಿಂದೆ ಓಡಿಸಿ ಪದರಗಳನ್ನು ಸಡಿಲ ಮಾಡಿ, ಆಮೇಲೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಹೆಡ್ಡಿನ ಪಕ್ಕದ ಸಣ್ಣ ಸ್ಪ್ರಿಂಗ್ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುವಿ, ಸ, ಶ ಅಕ್ಷರ ಚೂಪಾಗಿ ಕೇಳುವ ಕಡೆ ನಿಲ್ಲಿಸಿದರೆ ಮಸುಕು ದನಿಯೂ ತಿಳಿಯಾಗುತ್ತದೆ. ವೇವ್ ಫೈಲಾಗಿಯೇ ಉಳಿಸಿ, ಎರಡು ಕಡೆ ಇಡಿ. ಕ್ಯಾಸೆಟ್ಟನ್ನು ಒಗೆಯಬೇಡಿ.

ಟೇಪ್‌ರೆಕಾರ್ಡರಿನ ಬೆಲ್ಟು ಡಾಂಬರಿನಂತೆ ಕರಗಿದೆ. ಹೊಸದು ಯಾವ ಅಳತೆ?

ಕರಗಿದ್ದನ್ನು ಆಲ್ಕೋಹಾಲಿನಿಂದ ಪೂರ್ತಿ ಒರೆಸಿ, ಅಂಗಿಗೆ ತಾಗಿದರೆ ಹೋಗುವುದಿಲ್ಲ. ಗಾಲಿಗಳ ಸುತ್ತ ಬೆಲ್ಟಿನ ದಾರಿಯಲ್ಲೇ ನೂಲು ಹಾಯಿಸಿ ಅಳೆಯಿರಿ, ಅದಕ್ಕಿಂತ ಶೇ. 5ರಿಂದ 8 ಚಿಕ್ಕದು ತನ್ನಿ. ತೀರ ಬಿಗಿಯಾದರೆ ಮೋಟಾರಿನ ಬುಶ್ ಸವೆಯುತ್ತದೆ, ಸಡಿಲವಾದರೆ ದನಿ ತೂರಾಡುತ್ತದೆ.

## ಸೋಲ್ಡರಿಂಗ್ ಐರನ್ ಹಿಡಿಯುವವರಿಗೆ

ಎಲ್ಲಾ ಕೆಪಾಸಿಟರ್ ಬದಲಿಸಬೇಕೇ, ಕೆಲವೇ ಸಾಕೇ?

ಮೈಕಾ, ಸೆರಾಮಿಕ್ ಮುಟ್ಟಬೇಡಿ. ಮೇಣದ ಕಾಗದದವು ಎಲ್ಲವೂ, ಎಲೆಕ್ಟ್ರೊಲಿಟಿಕ್ ಎಲ್ಲವೂ. ಅವುಗಳಲ್ಲೂ ಮೊದಲನೆಯದು ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಹೋಗುವ ಕಪ್ಲಿಂಗ್ ಕೆಪಾಸಿಟರ್, 0.01ರಿಂದ 0.047 ಮೈಕ್ರೋಫ್ಯಾರಡ್. ಅದು ಸೋರಿದರೆ ಗ್ರಿಡ್ಡಿಗೆ ಧನ ವೋಲ್ಟೇಜ್ ಬಂದು ವಾಲ್ವು ಮಿತಿಮೀರಿ ಎಳೆಯುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಇಎಲ್ 84 ಆದರೆ 2ನೇ ಕಾಲಿನಲ್ಲಿ ಅಳೆಯಿರಿ: ಸೊನ್ನೆ ಇರಬೇಕು, ಒಂದು ವೋಲ್ಟ್ ಬಂದರೂ ಕೆಪಾಸಿಟರ್ ಕೆಟ್ಟಿದೆ. 3ನೇ ಕಾಲಿನಲ್ಲಿ ಸುಮಾರು 7 ವೋಲ್ಟ್ ಸಹಜ. ಬದಲಿಗೆ 630 ವೋಲ್ಟಿನ ಪಾಲಿಯೆಸ್ಟರ್ ಹಾಕಿ. ಫಿಲ್ಟರಿಗೆ "ದೊಡ್ಡದಾದಷ್ಟೂ ಒಳ್ಳೆಯದು" ಎಂದು 220 ಮೈಕ್ರೋಫ್ಯಾರಡ್ ಹಾಕುವವರಿದ್ದಾರೆ. ಇಝಡ್ 80 ರೆಕ್ಟಿಫೈಯರ್ ತಾಳುವುದು 50ರ ತನಕ. ಮೇನ್ಸಿಗೆ ಅಡ್ಡ ಇರುವುದಕ್ಕೆ ಎಕ್ಸ್2, ಚಾಸಿಯಿಂದ ಆಂಟೆನಾ ಅಥವಾ ಅರ್ತ್ ತೂತಿಗೆ ಹೋಗುವುದಕ್ಕೆ ವೈ2 ಎಂಬ ಸುರಕ್ಷತಾ ದರ್ಜೆಯದೇ ಬೇಕು.

ಕೈ ಹಾಕುವ ಮುಂಚೆ ಪ್ಲಗ್ ಕಿತ್ತು, 2.2 ಕಿಲೋಓಮ್ 5 ವ್ಯಾಟ್ ರೆಸಿಸ್ಟರಿಗೆ ಇನ್ಸುಲೇಶನ್ ಇರುವ ಕ್ಲಿಪ್ ಹಾಕಿ ಫಿಲ್ಟರಿನ ಎರಡೂ ತುದಿಗೆ ಐದು ಸೆಕೆಂಡು ಹಿಡಿಯಿರಿ, ಆಮೇಲೆ ಮೀಟರಿನಿಂದ ನೋಡಿ. ಸ್ಕ್ರೂಡ್ರೈವರಿನಿಂದ ಚಟ್ ಅನ್ನಿಸುವುದು ಸಿನಿಮಾದಲ್ಲಿ ಚೆಂದ.

ಸ್ಟೇಷನ್ ಸಣ್ಣಗೆ ಬರ್ತದಂತ ಐ.ಎಫ್. ಕಾಯಿಲಿನ ಸ್ಕ್ರೂ ತಿರುವಿದೆ. ಈಗ ಏನೂ ಬರವಲ್ದು.

ಆ ಸ್ಕ್ರೂ ತಾನಾಗಿ ಎಂದೂ ಸಡಿಲಾಗಿರುವುದಿಲ್ಲ. ಸಿಗ್ನಲ್ ಜನರೇಟರಿನಿಂದ 455 ಕಿಲೋಹರ್ಟ್ಸ್ ಕೊಟ್ಟು (ಕೆಲವು ಸೆಟ್ಟಿಗೆ 452 ಅಥವಾ 470, ಸರ್ಕ್ಯೂಟ್ ಹಾಳೆ ನೋಡಿ), ಹಿಂದಿನ ಕಾಯಿಲಿನಿಂದ ಮುಂದಕ್ಕೆ ಬರುತ್ತಾ ಗರಿಷ್ಠಕ್ಕೆ ಹೊಂದಿಸಬೇಕು. ಪ್ಲಾಸ್ಟಿಕ್ ಟ್ರಿಮ್ಮರ್ ಕಡ್ಡಿಯೇ ಬಳಸಿ, ಉಕ್ಕಿನ ಡ್ರೈವರ್ ಹತ್ತಿರ ಬಂದರೇ ಲೆಕ್ಕ ತಪ್ಪುತ್ತದೆ, ಕೋರೂ ಬಿರಿಯುತ್ತದೆ.

ಟ್ರಾನ್ಸಿಸ್ಟರ್ ಸೆಟ್ಟಿನಲ್ಲಿ ಎಎಫ್ 117 ನಾಲ್ಕೂ ಒಟ್ಟಿಗೆ ಹೇಗೆ ಕೆಡುತ್ತವೆ?

ಎಎಫ್ 117 ಟ್ರಾನ್ಸಿಸ್ಟರಿನ ಲೋಹದ ಡಬ್ಬಿಯ ಒಳಮೈಯಿಂದ ತವರದ ಕೂದಲು ಬೆಳೆಯುತ್ತದೆ, ಕಣ್ಣಿಗೆ ಕಾಣದಷ್ಟು ತೆಳು. ಅದು ಒಳಗಿನ ಕಾಲಿಗೂ ಡಬ್ಬಿಗೂ ಸೇತುವೆ ಕಟ್ಟುತ್ತದೆ. ಎಎಫ್ 114ರಿಂದ 117ರ ತನಕ ಇದೇ ರೋಗ. ಡಬ್ಬಿಗೆ ಸೇರಿದ ಶೀಲ್ಡಿನ ಕಾಲನ್ನು ಕತ್ತರಿಸಿದರೆ ಬಹಳಷ್ಟು ಸಲ ಸೆಟ್ಟು ಎದ್ದು ಮಾತಾಡುತ್ತದೆ. ಎರಡು ಕಾಲುಗಳ ನಡುವೆಯೇ ಶಾರ್ಟ್ ಆಗಿದ್ದರೆ ಬದಲಿಸದೆ ಗತಿಯಿಲ್ಲ.

ಸಾಲ್ಯಾಗಿನ ಹಳೇ ಬಿ.ಬಿ.ಸಿ. ಕಂಪ್ಯೂಟರ್ ಹಚ್ಚಿದ ಹತ್ತ್ ನಿಮಿಷಕ್ಕ ಹೊಗಿ ಬಂತು. ಹೋತೇನ್ರಿ?

ಬಹುತೇಕ ಹೋಗಿಲ್ಲ. ಮಕ್ಕಳಿಗೆ ಕಂಪ್ಯೂಟರ್ ಕಲಿಸುವ 1984ರ ಕ್ಲಾಸ್ ಯೋಜನೆಯಲ್ಲಿ ದೇಶದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಇದು. ಅದರ ಪವರ್ ಸಪ್ಲೈಯಲ್ಲಿ ಮೇನ್ಸಿಗೆ ಅಡ್ಡ ಹಳದಿ ಪಾರದರ್ಶಕ ಮೈಯ ಕಾಗದದ ಕೆಪಾಸಿಟರ್ ಇದೆ. ಮೈ ಬಿರಿದು ತೇವ ಎಳೆದುಕೊಂಡಿರುತ್ತದೆ, ಕರೆಂಟ್ ಬಿದ್ದಾಗ ಸಿಡಿದು ದಟ್ಟ ಹೊಗೆ ಬಿಡುತ್ತದೆ. ಪ್ಲಗ್ ಕಿತ್ತು, ಕಿಟಕಿ ತೆಗೆದು, ಅದರ ಜಾಗದಲ್ಲಿ ಅಷ್ಟೇ ಮೈಕ್ರೋಫ್ಯಾರಡಿನ ಹೊಸ ಎಕ್ಸ್2 ಪ್ಲಾಸ್ಟಿಕ್ ಫಿಲ್ಮಿನದು ಹಾಕಿ. ಹೊಗೆ ಬರುವ ಮುಂಚೆಯೇ ಹಾಕಿದ್ದರೆ ಇನ್ನೂ ಒಳ್ಳೆಯದಿತ್ತು.

ನಾನೂ ಬಂದು ಕೆಲಸ ಮಾಡ್ತೀನ್ರಿ. ಏನ್ ಬರಬೇಕು?

ಸೋಲ್ಡರಿಂಗ್ ಬರಬೇಕೆಂದೇನಿಲ್ಲ. ಚೀಟಿ ಬರೆಯುವವರು, ಕಾಗದ ಸ್ಕ್ಯಾನ್ ಮಾಡುವವರು, ಕಟ್ಟಿಗೆ ಕೆಲಸ ಬಲ್ಲವರು ಹೆಚ್ಚು ಬೇಕಾಗಿದ್ದಾರೆ. ಮೊದಲ ನಾಲ್ಕು ವಾರ ಎಲ್ಲರಿಗೂ ಒಂದೇ ಕೆಲಸ: ಅರ್ಧ ಇಂಚಿನ ಮೆತ್ತನೆ ಬ್ರಶ್ಶು, ಧೂಳು, ಒಂದು ವಹಿ. ಸೆಟ್ಟಿನಿಂದ ಬಿದ್ದ ಸ್ಕ್ರೂ, ಗುಬ್ಬಿ, ದಾರದ ತುಂಡು ಏನೇ ಇರಲಿ, ನಂಬರು ಬರೆದ ಪೊಟ್ಟಣಕ್ಕೆ ಹಾಕಬೇಕು. ಕೆಂಪು ಮೇಜಿನ ಹತ್ತಿರ ಒಬ್ಬರೇ ಇದ್ದಾಗ ಕೆಲಸ ಮಾಡುವಂತಿಲ್ಲ, ಬೆರಳಲ್ಲಿ ಉಂಗುರ, ಕೈಯಲ್ಲಿ ಲೋಹದ ಗಡಿಯಾರ ಇರುವಂತಿಲ್ಲ. ಭಾನುವಾರ ಒಂಬತ್ತೂವರೆಗೆ ಬನ್ನಿ, ಮಾಸಿದ ಅಂಗಿ ಹಾಕಿಕೊಂಡು.